ಕಾರಿಗಿಂತ ಮೊದಲು ಕಡತ ನೋಡು

ಅಕ್ಕ ಫೋನ್ ಮಾಡಿದ್ದಳು. ನೀನು ಹಳೇ ಎಂಜಿಬಿ ರೋಡ್‌ಸ್ಟರ್ ಒಂದನ್ನು ನೋಡಿ ಬಂದಿದ್ದೀಯಂತೆ. 1965ರದ್ದಂತೆ, ಕೆಂಪು ಬಣ್ಣವಂತೆ, ‘ಪೂರ್ತಿ ರಿಸ್ಟೋರ್ ಆಗಿದೆ’ ಅಂತ ಮಾರುವವರು ಹೇಳಿದರಂತೆ. ಓದಿಸಿ ಇಂಗ್ಲೆಂಡಿಗೆ ಕಳಿಸಿದ ಮಗ ಸಂಬಳದ ದುಡ್ಡನ್ನೆಲ್ಲ ತಾತನ ಕಾಲದ ಕಾರಿಗೆ ಸುರಿಯುತ್ತಾನಲ್ಲ ಅನ್ನೋದು ಅವಳ ಸಂಕಟ. ಅವಳಿಗೆ ಸಮಾಧಾನ ಹೇಳಿದ್ದೇನೆ. ನಿನಗೆ ಬೇಡ ಅನ್ನುವುದಿಲ್ಲ ಕಣಪ್ಪ, ಕೊಂಡುಕೋ. ಟಾಪು ಮಡಚಿ, ಕಾಟ್ಸ್‌ವೋಲ್ಡ್ಸ್ ಕಡೆಯ ಏರಿಳಿತದ ರಸ್ತೆಗಳಲ್ಲಿ ಆ ಕಾರು ಓಡಿಸುವ ಸುಖ ನನಗೂ ಗೊತ್ತು. ಆದರೆ ಮುಂಗಡ ಕೊಡುವ ಮೊದಲು ಆ ಕಾರಿನ ಕಡತವನ್ನು ಕೇಳಿ ತಂದು, ಒಂದು ರಾತ್ರಿ ಕೂತು ಮೊದಲಿಂದ ಕೊನೆಯವರೆಗೆ ಓದು. ನನ್ನ ಮಾತು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಊರಿನಲ್ಲಿ ನಿಮ್ಮ ತಾತ ಜಮೀನು ಕೊಳ್ಳುವಾಗ ಮಣ್ಣು ಎಷ್ಟು ಚೆನ್ನಾಗಿ ಕಂಡರೂ ಮೂಲಪತ್ರ, ಪಹಣಿ, ಮ್ಯುಟೇಷನ್, ಇಸಿ ಎಲ್ಲ ತರಿಸಿ ನೋಡದೆ ಮಾತು ಕೊಡುತ್ತಿರಲಿಲ್ಲ. ಯಾರಿಂದ ಯಾರಿಗೆ ಬಂತು, ನಡುವೆ ಎಲ್ಲಿ ಕೊಂಡಿ ತಪ್ಪಿದೆ ಅಂತ ಬೆರಳಿಟ್ಟು ಓದುತ್ತಿದ್ದರು. ಹಳೇ ಕಾರಿಗೂ ಅದೇ ಕ್ರಮ. ನಮ್ಮ ಆರ್‌ಸಿ ಬುಕ್ಕಿನ ಜಾಗದಲ್ಲಿ ಇಲ್ಲಿ ಇರುವುದು ವಿ5ಸಿ. ಇದು ಮಾಲೀಕತ್ವದ ಪುರಾವೆಯಲ್ಲ ಅಂತ ಆ ಕಾಗದದ ಮೇಲೇ ಅಚ್ಚಾಗಿದೆ. ಕಾರನ್ನು ನೋಂದಾಯಿಸಿ ಇಟ್ಟುಕೊಂಡವರು ಯಾರು ಎಂಬುದನ್ನಷ್ಟೇ ಅದು ಹೇಳುತ್ತದೆ. ಮಾಲೀಕರು ಯಾರು ಅನ್ನುವುದಕ್ಕೆ ಮಾರಾಟದ ರಸೀದಿಗಳ ಸಾಲು ಬೇಕು. ಕಾರಿನ ಮೇಲೆ ಸಾಲ ಬಾಕಿ ಇದೆಯೇ, ಕಳವಿನ ದೂರು ಇದೆಯೇ ಅನ್ನುವುದನ್ನು ಸ್ವಲ್ಪ ದುಡ್ಡು ಕೊಟ್ಟರೆ ಹುಡುಕಿ ಹೇಳುವವರಿದ್ದಾರೆ. ಅದನ್ನು ಮಾಡಿಸು.

ಇನ್ನು ಕಾರು ಹುಟ್ಟಿದ ಲೆಕ್ಕ. ಈ ವಿಷಯದಲ್ಲಿ ನಿನ್ನಷ್ಟು ಅನುಕೂಲ ಇರುವವರು ಕಡಿಮೆ. ನೀನು ಕೆಲಸ ಮಾಡುವುದು ಗೇಡನ್‌ನಲ್ಲಿ, ನಿಮ್ಮ ಆಫೀಸಿನ ಪಕ್ಕದಲ್ಲೇ ಬ್ರಿಟಿಷ್ ಮೋಟಾರ್ ಮ್ಯೂಸಿಯಂ. ಎಂಜಿಬಿಗಳು ತಯಾರಾದ ಆಬಿಂಗ್ಡನ್ ಕಾರ್ಖಾನೆಯ ಉತ್ಪಾದನಾ ದಾಖಲೆಗಳು ಅಲ್ಲಿವೆ. 1962ರಿಂದ 1980ರವರೆಗೆ ಎಂಜಿಬಿ ಮತ್ತು ಅದರ ಬಳಗದ ಕಾರುಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಚಾಸಿಸ್ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಆ ರಾಶಿಯಲ್ಲಿ ನಿನ್ನ ಕಾರು ಯಾವುದು, ಯಾವ ದಿನ ತಯಾರಾಯಿತು, ಮೊದಲ ಎಂಜಿನ್ ನಂಬರ್ ಏನು, ಯಾವ ಬಣ್ಣ, ಸೀಟಿನ ಹೊದಿಕೆ ಯಾವುದು, ಎಲ್ಲಿಗೆ ಕಳಿಸಿದರು ಎಂಬುದನ್ನೆಲ್ಲ ಬರೆದು ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಮಾರುವವರ ಹತ್ತಿರ ಅದು ಇಲ್ಲದಿದ್ದರೆ ನೀನೇ ತರಿಸು. ಮುಂದಿನ ಎಲ್ಲ ಪ್ರಶ್ನೆಗಳಿಗೂ ಅದೇ ಅಳತೆಗೋಲು.

ನಂಬರನ್ನು ಓದುವುದು ಹೇಗೆ ಅಂತ ಹೇಳುತ್ತೇನೆ. ಬಾನೆಟ್ ಎತ್ತಿದರೆ ಒಳಗೆ ಸಣ್ಣ ತಗಡಿನ ಪಟ್ಟಿ ಸಿಗುತ್ತದೆ. ನೀನು ನೋಡಿದ ವರ್ಷದ ಕಾರಾದರೆ ಅದರ ಮೇಲೆ ‘ಜಿಎಚ್‌ಎನ್3’ ಅಂತ ಶುರುವಾಗಬೇಕು. ಜಿ ಅಂದರೆ ಎಂಜಿ, ಎಚ್ ಎಂಜಿನ್ನಿನ ಗಾತ್ರದ ವರ್ಗ, ಎನ್ ಎರಡು ಸೀಟಿನ ತೆರೆದ ಕಾರು, 3 ಅಂದರೆ ಎಂಜಿಬಿಯ ಮೊದಲ ಸರಣಿ. ಎನ್ ಇರುವಲ್ಲಿ ಡಿ ಇದ್ದರೆ ಅದು ಜಿಟಿ. 3ರ ನಂತರ ಎಲ್ ಇದ್ದರೆ ಆ ಕಾರು ಎಡಗಡೆ ಸ್ಟೀರಿಂಗಿನದಾಗಿ ಹುಟ್ಟಿದ್ದು. ಎಂಜಿಬಿಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕಕ್ಕೇ ಹೋದವು. ಆಮೇಲೆ ಕ್ಯಾಲಿಫೋರ್ನಿಯದಂಥ ಒಣ ಹವೆಯ ಕಡೆಯಿಂದ ಎಷ್ಟೋ ಕಾರುಗಳು ವಾಪಸ್ ಬಂದು ಇಲ್ಲಿ ಸ್ಟೀರಿಂಗನ್ನು ಬಲಕ್ಕೆ ಹಾಕಿಸಿಕೊಂಡಿವೆ. ಅದರಲ್ಲಿ ತಪ್ಪೇನೂ ಇಲ್ಲ, ಅಂಥ ಕಾರುಗಳ ತಗಡು ಒಮ್ಮೊಮ್ಮೆ ಇಲ್ಲಿಯವಕ್ಕಿಂತ ಗಟ್ಟಿ. ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಆ ತಗಡಿನ ಪಟ್ಟಿ ಒಂದು ಕಾರಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದಾದ ವಸ್ತು ಎಂಬುದನ್ನೂ ನೆನಪಿಡು. ಅದಕ್ಕೇ ಪಟ್ಟಿ, ವಿ5ಸಿ, ಸರ್ಟಿಫಿಕೇಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಂಕಿ ಅಂಕಿ ತಾಳೆ ನೋಡು.

ಎಂಜಿನ್ ನಂಬರ್ ತಾಳೆಯಾಗದಿದ್ದರೆ ಎದೆಗುಂದಬೇಡ. 1965ರ ಕಾರಿನಲ್ಲಿ ‘18ಜಿಬಿ’ ಅಂತ ಶುರುವಾಗುವ, ಐದು ಬೇರಿಂಗಿನ, 1798 ಸಿಸಿ ಎಂಜಿನ್ ಇರಬೇಕು. ಆದರೆ ಆ ಕಾಲದಲ್ಲಿ ಸವೆದ ಎಂಜಿನ್ ಕೊಟ್ಟು ಕಂಪನಿಯೇ ಸಜ್ಜುಮಾಡಿದ ‘ಗೋಲ್ಡ್ ಸೀಲ್’ ಎಂಜಿನ್ ತೆಗೆದುಕೊಳ್ಳುವ ಪದ್ಧತಿ ಇತ್ತು. 1972ರಲ್ಲೋ 1975ರಲ್ಲೋ ಹಾಗೆ ಬದಲಾಯಿಸಿದ ರಸೀದಿ ಕಡತದಲ್ಲಿದ್ದರೆ ಅದೂ ಆ ಕಾರಿನ ಬದುಕಿನ ಪ್ರಾಮಾಣಿಕ ಭಾಗವೇ. ಬದಲಾದ ಭಾಗಕ್ಕಿಂತ ಮುಚ್ಚಿಟ್ಟ ಬದಲಾವಣೆಗೇ ನಾನು ಹೆಚ್ಚು ಹೆದರುತ್ತೇನೆ.

ಈ ಮಾತಿಗೆ ನ್ಯಾಯಾಲಯದ ಸಾಕ್ಷಿಯೇ ಇದೆ. ಬೆಂಟ್ಲಿ ಕಂಪನಿಯ ‘ಸ್ಪೀಡ್ ಸಿಕ್ಸ್’ ಮಾದರಿಯ ಒಂದು ರೇಸ್ ಕಾರು, ಹೆಸರು ‘ಓಲ್ಡ್ ನಂಬರ್ ಒನ್’. 1929ರಲ್ಲಿ ವುಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್ ಅದನ್ನು ಓಡಿಸಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಪಂದ್ಯ ಗೆದ್ದರು. 1930ರಲ್ಲಿ ಬರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಅದೇ ಕಾರಿನಲ್ಲಿ ಮತ್ತೆ ಗೆದ್ದರು. ರೇಸಿನ ಕಾರು ಅಂದಮೇಲೆ ಪ್ರತಿ ಪಂದ್ಯಕ್ಕೂ ಬಿಚ್ಚುವುದು, ಜೋಡಿಸುವುದು, ಹೊಸ ಭಾಗ ಹಾಕುವುದು ನಡೆದೇ ಇತ್ತು. 1932ರಲ್ಲಿ 8 ಲೀಟರಿನ ಎಂಜಿನ್ ಹಾಕಿ ಬ್ರೂಕ್‌ಲ್ಯಾಂಡ್ಸ್ ಪಥಕ್ಕೆ ಇಳಿಸಿದಾಗ ಕಾರು ಇಳಿಜಾರಿನ ತಿರುವಿನ ಅಂಚು ದಾಟಿ ಹೊರಗೆ ಹಾರಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತುಹೋದರು. ಆಮೇಲೆ ಬರ್ನಾಟೊ ಅದನ್ನು ರಸ್ತೆಯಲ್ಲಿ ಓಡಿಸುವ ಕೂಪೆಯಾಗಿ ಕಟ್ಟಿಸಿಕೊಂಡರು. ಮುಂದೆ ಕೈ ಬದಲಾಯಿತು, ಮೈ ಬದಲಾಯಿತು.

1990ರಲ್ಲಿ ಆಗಿನ ಮಾಲೀಕರಾದ ಹಬರ್ಡ್ ಅದನ್ನು 1 ಕೋಟಿ ಪೌಂಡ್ ಬೆಲೆಗೆ ಮಾರಲು ಮಿಡಲ್‌ಬ್ರಿಜ್ ಸಿಮಿಟರ್ ಎಂಬ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಆಮೇಲೆ ಕೊಳ್ಳುವವರು, ಇದು ನಿಜವಾದ ‘ಓಲ್ಡ್ ನಂಬರ್ ಒನ್’ ಅಲ್ಲ ಅಂತ ಹಿಂದೆ ಸರಿದರು. ವ್ಯಾಜ್ಯ ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಆಟನ್ ಅವರ ಮುಂದೆ ಕಾರಿನ ಒಂದೊಂದು ಭಾಗದ ಜನ್ಮ ಜಾಲಾಡಿದರು. 1929ರಲ್ಲಿ ಗೆದ್ದ ಕಾರಿನದು ಅಂತ ಖಚಿತವಾಗಿ ಹೇಳಬಹುದಾದ ಭಾಗ ಒಂದೂ ಉಳಿದಿರಲಿಲ್ಲ. 1930ರದ್ದು ಅಂತ ಉಳಿದಿದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ ಮತ್ತು ಸ್ಟೀರಿಂಗ್ ಕಾಲಮ್ ಮಾತ್ರ. 1932ರ ಕಾರಿನಿಂದ ಚಾಸಿಸ್, ಮುಂದಿನ ಆಕ್ಸಲ್, ಆ 8 ಲೀಟರಿನ ಎಂಜಿನ್ ಮುಂತಾಗಿ ಸಾಕಷ್ಟು ಇದ್ದವು.

ತೀರ್ಪು ಏನು ಬಂತು ಗೊತ್ತೇ? ಇದನ್ನು ‘ಮೂಲ’ ಕಾರು ಅನ್ನಲು ಬರುವುದಿಲ್ಲ, ಆದರೆ ‘ಓಲ್ಡ್ ನಂಬರ್ ಒನ್’ ಎಂಬ ಹೆಸರಿಗೆ ಇದೇ ನಿಜವಾದ ಹಕ್ಕುದಾರ ಅಂತ. ಕಾರು ಯಾವತ್ತೂ ಇಲ್ಲವಾಗಿ ಹೋಗಿ ಮತ್ತೆ ಹುಟ್ಟಿದ್ದಲ್ಲ. ಹೊಸ ಭಾಗಗಳು ವರ್ಷಗಳುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಂದು ಸೇರಿದವು, ಗುರುತು ಒಮ್ಮೆಯೂ ಕಡಿದುಹೋಗಲಿಲ್ಲ, ಆ ಹೆಸರು ತನ್ನದೆನ್ನಬಲ್ಲ ಬೆಂಟ್ಲಿ ಬೇರೆ ಯಾವುದೂ ಇಲ್ಲ ಎಂಬುದು ಅವರ ವಿವೇಚನೆಯ ಸಾರ. ಕೊಳ್ಳುವವರು ಒಪ್ಪಂದಕ್ಕೆ ಬದ್ಧರು ಅಂತಾಯಿತು. 1 ಕೋಟಿ ಪೌಂಡಿನ ವ್ಯಾಜ್ಯ ಕಬ್ಬಿಣದ ತೂಕದ ಮೇಲೆ ತೀರ್ಮಾನವಾಗಲಿಲ್ಲ. ಯಾವ ವರ್ಷ ಏನು ಬದಲಾಯಿತು ಅಂತ ತೋರಿಸಲು ಸಾಧ್ಯವಾದದ್ದರ ಮೇಲೆ ಆಯಿತು.

ಹಾಗಂತ ಒಳ್ಳೆಯ ಕಥೆ ಇದ್ದರೆ ಸಾಕು ಅಂದುಕೊಳ್ಳಬೇಡ. ಎಂಜಿ ಕಂಪನಿಗೂ ಒಂದು ‘ಓಲ್ಡ್ ನಂಬರ್ ಒನ್’ ಇದೆ, ಗೇಡನ್ ಮ್ಯೂಸಿಯಂನಲ್ಲೇ. ಎಂಜಿ ಕಾರುಗಳ ರೂವಾರಿ ಸೆಸಿಲ್ ಕಿಂಬರ್ ತಮಗಾಗಿ ಕಟ್ಟಿಸಿ, 1925ರ ಲ್ಯಾಂಡ್ಸ್ ಎಂಡ್ ಟ್ರಯಲ್‌ನಲ್ಲಿ ಓಡಿಸಿ ಚಿನ್ನದ ಪದಕ ತಂದ ಕಾರು ಅದು. ಆಮೇಲೆ ಅದನ್ನು ಸ್ನೇಹಿತರಿಗೆ 300 ಪೌಂಡಿಗೆ ಮಾರಿದರು. ಕೆಲ ವರ್ಷಗಳ ನಂತರ ಮ್ಯಾಂಚೆಸ್ಟರಿನ ಗುಜರಿಯಲ್ಲಿ ಕಣ್ಣಿಗೆ ಬಿದ್ದಾಗ ಕಂಪನಿ 15 ಪೌಂಡ್ ಕೊಟ್ಟು ವಾಪಸ್ ತಂದಿತು. ತಂದ ಮೇಲೆ ಇದೇ ಮೊಟ್ಟಮೊದಲ ಎಂಜಿ ಅಂತ ಜಾಹೀರಾತಿನಲ್ಲಿ ಮೆರೆಸಿತು. ನಿಜದಲ್ಲಿ ಅದಕ್ಕೂ ಮೊದಲೇ ಆಕ್ಸ್‌ಫರ್ಡಿನ ಮಾರಿಸ್ ಗರಾಜಸ್ ಎಂಜಿ ಹೆಸರಿನ ಕಾರುಗಳನ್ನು ಮಾರಿತ್ತು. ತಯಾರಿಸಿದವರ ಬಾಯಲ್ಲೇ ಇತಿಹಾಸ ಹೀಗೆ ಹಿಗ್ಗುವುದಾದರೆ, ಮಾರುವವರ ಬಾಯಲ್ಲಿ ಕೇಳಬೇಕೇ? ‘ಒಬ್ಬರೇ ಮಾಲೀಕರ ಕೈಲಿತ್ತು’, ‘ಮಳೆಗೆ ಹೊರಗೆ ತೆಗೆದಿಲ್ಲ’ ಅಂತ ಹೇಳಿದಾಗೆಲ್ಲ ನಗುನಗುತ್ತಲೇ ಕಾಗದ ಕೇಳು. ಒಳ್ಳೆಯ ಮಾಲೀಕರು ಬೇಜಾರು ಮಾಡಿಕೊಳ್ಳುವುದಿಲ್ಲ, ಹುಮ್ಮಸ್ಸಿನಿಂದ ಪೆಟ್ಟಿಗೆ ತಂದು ಮುಂದಿಡುತ್ತಾರೆ.

ಆ ಪೆಟ್ಟಿಗೆಯಲ್ಲಿ ನನಗೆ ಬಲು ಇಷ್ಟವಾದದ್ದು ಹಳೇ ಎಂಒಟಿ ಚೀಟಿಗಳು. ನಮ್ಮಲ್ಲಿ ಎಫ್‌ಸಿ ಇದ್ದ ಹಾಗೆ ಇಲ್ಲಿ 1960ರಿಂದ ಈ ತಪಾಸಣೆ ಇದೆ. ನೋಡೋಕೆ ಏನೂ ಇಲ್ಲದ ಕಾಗದ, ಆದರೆ ಅದರಲ್ಲಿ ದಿನಾಂಕ ಇರುತ್ತದೆ, ಮೈಲಿ ಇರುತ್ತದೆ, ಯಾವ ಊರಿನ ಗ್ಯಾರೇಜು ಅಂತ ಇರುತ್ತದೆ. ವರ್ಷದ ಕ್ರಮದಲ್ಲಿ ಮೇಜಿನ ಮೇಲೆ ಹರಡಿಕೋ. ಮೈಲಿ ನಿಧಾನವಾಗಿ ಏರುತ್ತ ಹೋಗಬೇಕು. ಹತ್ತು ವರ್ಷ ಚೀಟಿಯೇ ಇಲ್ಲದಿದ್ದರೆ ಕಾರು ಎಲ್ಲೋ ಕೊಟ್ಟಿಗೆಯಲ್ಲಿ ನಿಂತಿತ್ತು ಅಂತ ಅರ್ಥ. ನಿಂತ ಕಾರಿನ ರಬ್ಬರು, ಬ್ರೇಕು, ಪೆಟ್ರೋಲ್ ಟ್ಯಾಂಕುಗಳ ಗತಿ ಏನಾಯಿತು ಅಂತ ಆಗ ಕೇಳು. ಈಚಿನ ವರ್ಷಗಳ ತಪಾಸಣೆಯ ವಿವರ ಸರ್ಕಾರದ ಆನ್‌ಲೈನ್ ದಾಖಲೆಯಲ್ಲೇ ಸಿಗುತ್ತದೆ. ಫೇಲ್ ಆದ ಸಲ ಎಲ್ಲಿ ತುಕ್ಕು ಹಿಡಿದಿತ್ತು ಅಂತಲೂ ಬರೆದಿರುತ್ತಾರೆ.

ಕಡತ ಓದಿಯಾದ ಮೇಲೆ ಕಾರಿನ ಹತ್ತಿರ ಹೋಗು. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ತೆರೆದ ಕಾರಾದ್ದರಿಂದ ಮೇಲೆ ಹಿಡಿದಿಡುವ ಛಾವಣಿಯೂ ಇಲ್ಲ. ಹೀಗಾಗಿ ಭಾರವೆಲ್ಲ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್‌ಗಳ ಮೇಲೆ. ಆ ಸಿಲ್ ಒಂದೇ ತಗಡಲ್ಲ, ಹೊರಗಿನದು, ನಡುವಿನದು, ಒಳಗಿನದು ಅಂತ ಪದರ ಪದರ. ನೀರು ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಸರಿಯಾಗಿ ಬದಲಾಯಿಸಬೇಕಾದರೆ ಬೋಲ್ಟಿನಲ್ಲಿ ಕೂತಿರುವ ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ವೆಲ್ಡಿಂಗ್ ಆಗಿರುವ ಹಿಂದಿನ ಮಡ್‌ಗಾರ್ಡಿನ ಕೆಳಭಾಗ ಕತ್ತರಿಸಬೇಕು, ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಾಡಿ ಕುಸಿಯದಂತೆ ಹಿಡಿದಿಡಬೇಕು. ಇದು ವಾರಗಟ್ಟಲೆ ಕೆಲಸ. ಕಡತದಲ್ಲಿ ‘ಸಿಲ್ ಬದಲಾಯಿಸಿದೆ’ ಅಂತ ಒಂದು ದಿನದ ಕೂಲಿಯ ಬಿಲ್ ಇದ್ದರೆ, ಕೊಳೆತದ್ದರ ಮೇಲೆ ಹೊಸ ತಗಡು ಹೊದಿಸಿ ಟಿಂಕರಿಂಗ್ ಮಾಡಿದ್ದಾರೆ ಅಂತ ತಿಳಿ.

ಅದನ್ನು ಪರೀಕ್ಷಿಸುವ ದಾರಿ ಸುಲಭ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯೇ ನೋಡು. ಮಾರುವವರ ಅನುಮತಿ ಕೇಳಿ, ಸಿಲ್ ಕೆಳಗಿರುವ ಜಾಕಿಯ ಜಾಗಕ್ಕೆ ಜಾಕಿ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತು. ಸಂದು ಹಾಗೇ ಇದ್ದು ಬಾಗಿಲು ಸಲೀಸಾಗಿ ತೆರೆದು ಮುಚ್ಚಿದರೆ ಬೆನ್ನೆಲುಬು ಗಟ್ಟಿ. ಸಂದು ಕಿರಿದಾಗಿ ಬಾಗಿಲು ಸಿಕ್ಕಿಕೊಂಡರೆ ಕೈಮುಗಿದು ಬಂದುಬಿಡು, ಬಣ್ಣ ಎಷ್ಟು ಹೊಳೆದರೂ ಸರಿ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಮಡ್‌ಗಾರ್ಡುಗಳ ಕೆಳಭಾಗದಲ್ಲಿ ಸರಿಸಿ ನೋಡು. ಹಿಡಿಯದ ಕಡೆ ಪುಟ್ಟಿ ತುಂಬಿದೆ. ಸೀಟಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕೂರುವ ಪೆಟ್ಟಿಗೆಗಳನ್ನೂ ನೋಡು. 1965ರ ಕಾರಿಗೆ 6 ವೋಲ್ಟಿನ ಎರಡು ಬ್ಯಾಟರಿ, ಎರಡಕ್ಕೂ ಬೇರೆ ಪೆಟ್ಟಿಗೆ. ಅಲ್ಲಿನ ತುಕ್ಕನ್ನು ಯಾರೂ ನೋಡುವುದಿಲ್ಲ.

ಬಣ್ಣದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡು. ನೀನು ನೋಡಿದ್ದು ಕೆಂಪು. ಸರ್ಟಿಫಿಕೇಟಿನಲ್ಲಿ ‘ಟಾರ್ಟನ್ ರೆಡ್’ ಅಂತಿದ್ದರೆ ಸರಿ. ‘ಓಲ್ಡ್ ಇಂಗ್ಲಿಷ್ ವೈಟ್’ ಅಂತ ಬಂದರೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ, ಡಿಕ್ಕಿಯ ಮೂಲೆಗೆ, ಕಾರ್ಪೆಟ್ಟಿನ ಕೆಳಗೆ ನೋಡು. ಕೆನೆ ಬಿಳುಪಿನ ಪುಟ್ಟ ತುಣುಕೊಂದು ಎಲ್ಲಾದರೂ ಉಳಿದೇ ಇರುತ್ತದೆ. ಕೆಂಪಿಗೆ, ಹಸಿರಿಗೆ ಗಿರಾಕಿ ಹೆಚ್ಚು ಅಂತ ಎಷ್ಟೋ ಬಿಳಿ, ಬೂದು ಕಾರುಗಳು ಬಣ್ಣ ಬದಲಿಸಿಕೊಂಡಿವೆ. ನನಗೆ ಅದು ನೋವಿನ ಸಂಗತಿ. ಮುಂದೆಂದಾದರೂ ಪೂರ್ತಿ ಬಣ್ಣ ಹೊಡೆಸುವ ದಿನ ಬಂದರೆ ಹುಟ್ಟಿದ ಬಣ್ಣಕ್ಕೇ ವಾಪಸ್ ಕರೆದುಕೊಂಡು ಬಾ. ಹಾಗೆ ಹೊಡೆಸುವಾಗಲೂ ಆ ಹಳೇ ತುಣುಕನ್ನು ಉಜ್ಜಿ ಅಳಿಸಬೇಡ, ಪೇಂಟರ್‌ಗೆ ಹೇಳಿ ಅಷ್ಟು ಜಾಗ ಬಿಡಿಸು.

1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಬಾಡಿಶೆಲ್ ತಯಾರಿಸುತ್ತಿದೆ. ಇದರಿಂದ ಗುಜರಿ ಸೇರಬೇಕಿದ್ದ ಎಷ್ಟೋ ಕಾರು ಉಳಿದವು. ದೊಡ್ಡ ಉಪಕಾರವೇ. ಆದರೆ ಕೈಯಲ್ಲಿ ದುಡ್ಡಿದೆ ಅಂತ ಉಳಿಸಬಹುದಾದ ಹಳೇ ಬಾಡಿಯನ್ನು ಎಸೆದು ಹೊಸ ಶೆಲ್ ತರಬೇಡ. ಶೆಲ್ ಒಂದಕ್ಕೇ ಕೊಡುವ ದುಡ್ಡಿನಲ್ಲಿ ಓಡುವ ಸ್ಥಿತಿಯ ಎಂಜಿಬಿಯೇ ಸಿಗುತ್ತದೆ. ನೀನು ನೋಡಿದ ಕಾರಿಗೆ ಈಗಾಗಲೇ ಹೊಸ ಶೆಲ್ ಹಾಕಿದ್ದರೆ ಅದರ ರಸೀದಿ ಇದೆಯೇ, ನೋಂದಣಿ ಇಲಾಖೆಗೆ ತಿಳಿಸಿದ್ದಾರೆಯೇ ಕೇಳು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕೂಡ ಇದೇ ದಾರಿ ಹಿಡಿಯುತ್ತದೆ: ಮೊದಲು ಇದ್ದದ್ದನ್ನು ಕಾಪಾಡು, ಆಗದಿದ್ದರೆ ಮಾತ್ರ ಬದಲಾಯಿಸು, ಬದಲಾಯಿಸಿದ್ದನ್ನು ದಾಖಲಿಸು.

ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈ ಕಾರಿನಲ್ಲೇ ಒಂದು ಉದಾಹರಣೆ ಕೊಡುತ್ತೇನೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುತ್ತದೆ, ಈಗಿನ ಕಾರುಗಳಿಗೆ ತದ್ವಿರುದ್ಧ. ಆಲ್ಟರ್ನೇಟರ್ ಹಾಕುವುದಕ್ಕೋ ರೇಡಿಯೋ ಹಾಕುವುದಕ್ಕೋ ಅಂತ ಮಧ್ಯದಲ್ಲಿ ಯಾವುದೋ ಮಾಲೀಕರು ಅದನ್ನು ನೆಗೆಟಿವ್‌ಗೆ ತಿರುಗಿಸಿರಬಹುದು. ತಿರುಗಿಸಿ ಬರೆದಿಡದೆ ಮಾರಿಬಿಟ್ಟರೆ, ಮುಂದಿನವರು ಮ್ಯಾನುಯಲ್ ನಂಬಿ ಹೊಸ ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಆಲ್ಟರ್ನೇಟರ್ ಸುಟ್ಟು ಕೂರುತ್ತದೆ. ಒಂದು ಸಾಲು ಬರೆದು ಬ್ಯಾಟರಿಯ ಮುಚ್ಚಳದ ಒಳಗೆ ಅಂಟಿಸಿದ್ದರೆ ಸಾಕಿತ್ತು.

ಕಾರು ನಿನ್ನದಾದ ದಿನದಿಂದಲೇ ಒಂದು ದಪ್ಪ ನೋಟ್‌ಬುಕ್ ಇಡು. ಯಾವುದನ್ನು ಬಿಚ್ಚುವ ಮೊದಲೂ ಫೋಟೋ ತೆಗಿ, ಬಿಚ್ಚಿದ ಸ್ಕ್ರೂಗಳನ್ನು ಕವರಿನಲ್ಲಿ ಹಾಕಿ ಎಲ್ಲಿಯದು ಅಂತ ಬರೆ. ತೆಗೆದ ಹಳೇ ಭಾಗ ಸವೆದಿದ್ದರೂ ಎಸೆಯಬೇಡ. ಮೂಲ ಎಸ್‌ಯು ಕಾರ್ಬ್ಯುರೇಟರ್, ಹಳೇ ಸ್ಟೀರಿಂಗ್ ವ್ಹೀಲ್ ಇವೆಲ್ಲ ಡಬ್ಬಿಯಲ್ಲಿ ಇಟ್ಟು ಕಾರಿನ ಜೊತೆಗೇ ಸಾಗಲಿ. ಯಾರು ವೆಲ್ಡಿಂಗ್ ಮಾಡಿದರು, ಯಾವ ಬಣ್ಣದ ಯಾವ ಕೋಡ್, ಎಷ್ಟು ಮೈಲಿಯಲ್ಲಿ ಎಣ್ಣೆ ಬದಲಾಯಿತು, ಎಲ್ಲ ಬರೆ. ನಿನ್ನ ಕೈಯಿಂದ ಕೆಟ್ಟದ್ದಿದ್ದರೂ ಬರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, ಆದರೂ ಹಿಸ್ಟಾರಿಕ್ ವರ್ಗಕ್ಕೆ ಅರ್ಜಿ ಹಾಕಿರಬೇಕು. 2018ರ ಮೇ ತಿಂಗಳಿಂದ ಅಂಥ ಕಾರುಗಳಿಗೆ ಎಂಒಟಿಯೂ ಕಡ್ಡಾಯವಲ್ಲ. ನೀನು ಮಾತ್ರ ವರ್ಷಕ್ಕೊಮ್ಮೆ ಮಾಡಿಸು: ಬ್ರೇಕನ್ನು ಬೇರೆ ಕಣ್ಣೊಂದು ನೋಡಿದ ಹಾಗೂ ಆಯಿತು, ಕಡತಕ್ಕೆ ಒಂದು ಹಾಳೆ ಸೇರಿದ ಹಾಗೂ ಆಯಿತು. 2021ರಿಂದ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಇ10, ಅದರ ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಸೂಪರ್ ದರ್ಜೆಯ ಇ5 ಹಾಕಿಸು. ಸೀಸ ಬೆರೆತ ಪೆಟ್ರೋಲ್ 2000ನೇ ಇಸವಿಗೆ ನಿಂತುಹೋಯಿತಲ್ಲ, ಆಮೇಲೆ ಸಿಲಿಂಡರ್ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದಾರೆಯೇ ಅನ್ನುವುದೂ ಕಡತದಲ್ಲೇ ಸಿಗಬೇಕಾದ ಉತ್ತರ.

ಮಾರುವವರಿಗೆ ಇವತ್ತೇ ಬರೆದು ಚಾಸಿಸ್ ನಂಬರು, ಎಂಜಿನ್ ನಂಬರು, ಸಿಲ್ ಕೆಲಸದ ಬಿಲ್ಲು ಮತ್ತು ಆಗ ತೆಗೆದ ಫೋಟೋಗಳನ್ನು ಕೇಳು. ಬಂದ ತಕ್ಷಣ ನನಗೂ ಕಳಿಸು. ಕಾರು ನೋಡಲು ಮತ್ತೆ ಹೋಗುವಾಗ ನಾನೂ ಬರುತ್ತೇನೆ, ಜಾಕಿ ನನ್ನದೇ ತರುತ್ತೇನೆ. ಅಕ್ಕನಿಗೆ ನೀನೇ ಫೋನ್ ಮಾಡಿ, ಮಾವ ಕಾಗದ ಪತ್ರ ಎಲ್ಲ ನೋಡುತ್ತಿದ್ದಾರೆ ಅಂತ ಹೇಳು.